ಕಾಲು ಹೋದರೂ ಮಂಡಿ ಉಳಿಸಿಕೊಳ್ಳಿ



ಶೇಂಗಾ ಕಿತ್ತು ಕಣಕ್ಕೆ ತರುವ ಕಾಲದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹೊಲಗಳಲ್ಲಿ ಯಂತ್ರದ ಸದ್ದು ಕತ್ತಲಾದರೂ ನಿಲ್ಲುವುದಿಲ್ಲ. ಅಂಥ ಯಂತ್ರಕ್ಕೆ ಕೈಯೋ ಕಾಲೋ ಕೊಟ್ಟವರು ನಮ್ಮ ನಡುವೆ ಇದ್ದಾರೆ. ರಸ್ತೆಯಲ್ಲಿ ಕಳೆದುಕೊಂಡವರುಂಟು, ಸಕ್ಕರೆ ಕಾಯಿಲೆಯ ಹುಣ್ಣಿನಿಂದ ಕಳೆದುಕೊಂಡವರೂ ಉಂಟು. ಆದ್ದರಿಂದ ಈ ಹೊತ್ತು ಬೀಜ ಗೊಬ್ಬರದ ಮಾತನ್ನು ಪಕ್ಕಕ್ಕಿಟ್ಟು, ಕಾಲು ಹೋದ ಮೇಲೆ ಮುಂದೇನು ಎಂಬುದನ್ನು ಹೇಳಬೇಕೆಂದಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಪರಶುರಾಂಪುರ ಕಡೆಯ ರೈತರೊಬ್ಬರಿಗೆ ಮಂಡಿಯ ಕೆಳಗೆ ಕಾಲು ತೆಗೆದಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ವಾರ ನೋಡಲು ಹೋದೆ. ನೋವಿನಿಂದ ಮುಖ ಕಿವುಚುತ್ತಿದ್ದರು. ನಾನು ಅಲ್ಲೇ ಇದ್ದ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮಂಡಿಯ ಅಡಿಗೆ ಕೊಟ್ಟೆ. "ಈಗ ಹಾಯಾಯ್ತು ಸಾರ್" ಅಂದರು. ಅವರ ತಾಯಿ ಆ ಕಂಬಳಿಯನ್ನು ಎರಡು ತಿಂಗಳು ಕದಲಿಸಲೇ ಇಲ್ಲ, ಸಾಹೇಬರು ಇಟ್ಟಿದ್ದಲ್ಲವೆ! ಕೃತಕ ಕಾಲಿಗೆ ಅಳತೆ ಕೊಡಲು ಹೋದಾಗ ಮಂಡಿ ಬಗ್ಗಿದ್ದು ಬಗ್ಗಿದಂತೆಯೇ ನಿಂತಿತ್ತು. "ಇದು ನೆಟ್ಟಗಾಗದೆ ಕಾಲು ಕೂರೋದಿಲ್ಲ, ಹೋಗಿ ಪಳಗಿಸಿಕೊಂಡು ಬನ್ನಿ" ಎಂದು ವಾಪಸು ಕಳಿಸಿದರು. ನನ್ನ ಕಂಬಳಿ ಅವರಿಗೆ ಒಂದು ಹಂಗಾಮನ್ನೇ ತಿಂದಿತು.

ಬಳಸದ ಮಾಂಸಖಂಡ ಮೋಟಾಗುತ್ತದೆ. ಅದಕ್ಕೇ ಮಂಡಿಯಡಿ ದಿಂಬು ಬೇಡ. ಮಂಚದ ಅಂಚಿನಲ್ಲಿ ಉಳಿದ ಕಾಲನ್ನು ಜೋಲುಬಿಟ್ಟು ಹೊತ್ತುಗಟ್ಟಲೆ ಕೂರಬೇಡಿ. ಕೂತಾಗ ಕಾಲಡಿ ಒಂದು ಹಲಗೆ ಕೊಟ್ಟು ಮಂಡಿ ಚಾಚಿಡಿ. ವೈದ್ಯರು ಒಪ್ಪಿದ ಮೇಲೆ ದಿನಕ್ಕೆ ಎರಡು ಮೂರು ಸಲ ಕಾಲು ಗಂಟೆ ಬೋರಲು ಮಲಗಿ. ಸೊಂಟದ ಕೀಲೂ ಆಗ ಬಗ್ಗಿ ನಿಲ್ಲುವುದಿಲ್ಲ. ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿಯಾಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ಆಸ್ಪತ್ರೆ ಬಿಡುವ ಮುಂಚೆಯೇ ಮನೆಯವರೊಬ್ಬರು ಇದನ್ನು ದಾದಿಯರಿಂದ ಕೈಯಾರೆ ಕಲಿತುಕೊಳ್ಳಬೇಕು. ಮಾಯದ ಗಾಯಕ್ಕೆ ಅರಿಸಿನ, ಸೊಪ್ಪಿನ ರಸ ಯಾವುದೂ ಬೇಡ.

ಇನ್ನೊಂದು ಸಂಗತಿ. ಇಲ್ಲದ ಪಾದ ನವೆಯಾಗುತ್ತದೆ, ಇಲ್ಲದ ಹೆಬ್ಬೆರಳು ಉರಿಯುತ್ತದೆ. ಆ ರೈತರು ಇದನ್ನು ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದರು, ಬುದ್ಧಿ ಕೆಟ್ಟಿದೆ ಅಂತಾರೆ ಎಂಬ ಅಂಜಿಕೆ. ಇದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಕಾಲು ಹೋದರೂ ಮಿದುಳಿನಲ್ಲಿ ಕಾಲಿನ ಜಾಗ ಉಳಿದಿರುತ್ತದೆ. ವೈದ್ಯರಿಗೆ ಹೇಳಿ, ಔಷಧವುಂಟು.

ಈಗ ಕಾಲಿನ ವಿಚಾರ. ಮೊದಲು ಬರುತ್ತಿದ್ದ ಕೃತಕ ಪಾದ ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆ ಮಾಡಿದ್ದು. ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವವರಿಗಲ್ಲ. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾಕ್ಟರ್ ಪಿ. ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದರು. ಅದೇ ಜೈಪುರ ಕಾಲು. ಅದು ಎಲ್ಲ ದಿಕ್ಕಿಗೂ ಬಾಗುತ್ತದೆ, ಕೆಸರಿಗಿಳಿಯುತ್ತದೆ. ಮಂಡಿ ಉಳಿದವರು ಅದನ್ನು ಹಾಕಿಕೊಂಡು ಕುಕ್ಕುರುಗಾಲಲ್ಲಿ ಕೂರಬಹುದು. ಮಂಡಿ ಉಳಿಸಿಕೊಳ್ಳಿ ಎಂದು ನಾನು ಬಡಿದುಕೊಳ್ಳುವುದು ಇದಕ್ಕೇ. 1975ರಲ್ಲಿ ಜೈಪುರದಲ್ಲಿ ಶುರುವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಇದನ್ನು ಪುಕ್ಕಟೆ ಕೊಡುತ್ತ ಬಂದಿದೆ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಯೂ ಕೃತಕ ಕೈಕಾಲು ಮಾಡುತ್ತದೆ. ಅಳತೆ ಕೊಡುವಾಗ ನಿಮ್ಮ ಕಸುಬು ಏನೆಂದು ಬಿಡಿಸಿ ಹೇಳಿ. ಕುರಿ ಹಿಂದೆ ನಡೆಯುವವರ ಅಗತ್ಯ ಬೇರೆ, ಮೊಳಕಾಲ್ಮೂರಿನ ಮಗ್ಗದಲ್ಲಿ ಕೂರುವವರ ಅಗತ್ಯ ಬೇರೆ.

ಕಾಲು ಸಿಕ್ಕಮೇಲೂ ಆರೈಕೆ ಬೇಕು. ನಮ್ಮ ಕೆಂಪು ಮಸಬಿನ ಸಣ್ಣ ಮರಳು ಕಾಲು ಕೂರುವ ಬಟ್ಟಲಿಗೆ ಸೇರಿಕೊಂಡು ಚರ್ಮವನ್ನು ಉಜ್ಜುತ್ತದೆ. ಕಾಲುಚೀಲ ದಿನಾ ಒಗೆಯಿರಿ, ಸಂಜೆ ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ಕನ್ನಡಿ ಹಿಡಿದು ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮಾರನೆಯ ದಿನ ಕಾಲು ಹಾಕಬೇಡಿ, ಅಳತೆಯವರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಉಳಿದ ಇನ್ನೊಂದು ಪಾದವನ್ನೂ ಹೀಗೇ ದಿನಾ ನೋಡಿಕೊಳ್ಳತಕ್ಕದ್ದು.

ಕಾಗದಪತ್ರದ ಮಾತು ಬೇಸರದ್ದು, ಆದರೆ ಬಿಡುವಂತಿಲ್ಲ. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಬಹುಮಟ್ಟಿಗೆ ವಿಕಲಚೇತನರೇ, ನಿಮ್ಮ ಪಾಡು ಬಲ್ಲವರು. ಅವರನ್ನು ಹಿಡಿದು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿಸಿ. ವೈದ್ಯರು ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಎಂದು ಬರೆದರೆ ಮಾಸಾಶನಕ್ಕೂ ರಿಯಾಯಿತಿ ಬಸ್ ಪಾಸಿಗೂ ಅರ್ಜಿ ಹಾಕಲು ದಾರಿಯಾಗುತ್ತದೆ. ಕಾಲು ಪೂರಾ ಹೋದವರು ಈ ಮಟ್ಟ ದಾಟುತ್ತಾರೆ. ಬೆರಳು ಒಂದೆರಡು ಹೋದವರು ದಾಟದೆ ಇರಬಹುದು. ಇನ್ನು, ಅಪಘಾತಕ್ಕೆ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 2022ರಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಒಂದು ಕಾಲೋ ಕೈಯೋ ಹೋದರೆ 1 ಲಕ್ಷ, ಎರಡು ಹೋದರೆ 2 ಲಕ್ಷ. 18ರಿಂದ 70 ವರ್ಷದವರು ಬ್ಯಾಂಕಿನಲ್ಲಿ ಬರೆದುಕೊಟ್ಟರೆ ಖಾತೆಯಿಂದಲೇ ಮುರಿದುಕೊಳ್ಳುತ್ತಾರೆ. ಮೇ ಕೊನೆಗೆ ಖಾತೆಯಲ್ಲಿ ಆ 20 ರೂಪಾಯಿ ಇರಲಿ.

ಆ ರೈತರ ಸುದ್ದಿ ಕೇಳುವಿರಾ? ಬೋರಲು ಮಲಗಿ ಮಲಗಿ ಮಂಡಿ ನೆಟ್ಟಗಾಯಿತು, ಕಾಲೂ ಬಂತು. ಹೋದ ಹಂಗಾಮಿನಲ್ಲಿ ಅವರೇ ಬಿತ್ತನೆ ಶೇಂಗಾ ಆರಿಸುತ್ತ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ, "ಅವ್ವಾ, ಸಾರ್ ಬಂದ್ರು, ಆ ಕಂಬಳಿ ಒಳಗಿಡು" ಎಂದು ಕೂಗಿದರು.