ನೆರೆಮನೆಗೊಂದು ತಟ್ಟೆ ನಾನ್‌ಖತಾಯಿ

(ವಿದ್ಯಾರ್ಥಿಗಳ ಬೇಸಿಗೆ ಶಿಬಿರದ ಉದ್ಘಾಟನೆಯಲ್ಲಿ ಮಾಡಿದ ಭಾಷಣ)



ರಜೆ ಬಂತೆಂದರೆ ಕಾಪಿ ಬರೆಯಿರಿ, ಮಗ್ಗಿ ಕಲಿಯಿರಿ ಎಂದು ಹೇಳುವುದು ನಮ್ಮ ಶಿಕ್ಷಕರ ವಾಡಿಕೆ. ಇಂದು ನಾನು ಬೇರೊಂದು ಮನೆಗೆಲಸ ಕೊಡಲು ಬಂದಿದ್ದೇನೆ. ಈ ಬೇಸಿಗೆಯಲ್ಲಿ ನಿಮ್ಮ ಕೈಯಾರೆ ಬಿಸ್ಕತ್ತು ಮಾಡಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬನ್ನಿ. ನಗಬೇಡಿ, ಇದೂ ಶಿಕ್ಷಣವೇ.

ಉರ್ದುವಿನಲ್ಲಿ ನೆರೆಯವರಿಗೆ 'ಹಮ್‌ಸಾಯಾ' ಎನ್ನುತ್ತೇವೆ. 'ಹಮ್' ಎಂದರೆ ಜೊತೆ, 'ಸಾಯಾ' ಎಂದರೆ ನೆರಳು. ಒಂದೇ ನೆರಳನ್ನು ಹಂಚಿಕೊಂಡವರು ಎಂದರ್ಥ. ಬೆಂಗಳೂರಿನ ಇಂದಿನ ಬಿಸಿಲಿನಲ್ಲಿ ಈ ಪದದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2016ರ ಏಪ್ರಿಲ್ 24ರಂದು ನಮ್ಮ ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಆದರೆ ಆರ್.ಟಿ. ನಗರದಿಂದ ಯಲಹಂಕದವರೆಗೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ಕಟ್ಟಡದ ನೆರಳಿನಲ್ಲಿದ್ದೂ ಎದುರು ಬಾಗಿಲಿನವರ ಹೆಸರು ತಿಳಿಯದವರು ಎಷ್ಟು ಮಂದಿ!

ನಮ್ಮ ಹಲವು ಮನೆಗಳಲ್ಲಿ ರಮ್ಜಾನ್ ತಿಂಗಳ ಕೊನೆಗೆ ಹಿಟ್ಟು ಕಲಸಿ, ಉಂಡೆ ಕಟ್ಟಿ, ಟ್ರೇಗಳಲ್ಲಿ ಜೋಡಿಸಿ, ಬೀದಿಯ ಬೇಕರಿಯ ಭಟ್ಟಿಗೆ ಕೊಟ್ಟು ನಾನ್‌ಖತಾಯಿ ಬೇಯಿಸಿ ತರುವ ರೂಢಿಯಿತ್ತು. ಅದರಲ್ಲಿ ನೆರೆಯವರಿಗೊಂದು 'ಹಿಸ್ಸಾ' ಇರುತ್ತಿತ್ತು. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಹಬ್ಬ ಪ್ರತಿ ವರ್ಷ ಹಿಂದೆ ಸರಿಯುತ್ತದೆ. 2022ರಲ್ಲಿ ಈದ್ ಮೇ 3ರಂದು, ಅಂದರೆ ಬೇಸಿಗೆ ರಜೆಯ ನಡುವೆ ಬಂದಿತ್ತು. 2025ರಲ್ಲಿ ಅದು ಮಾರ್ಚ್ 31ಕ್ಕೆ, ರಜೆಗೂ ಮೊದಲೇ ಬಂತು. ಇನ್ನು ಹಲವು ವರ್ಷ ನಮ್ಮ ಬೇಸಿಗೆ ರಜೆಯಲ್ಲಿ ರಮ್ಜಾನ್ ಈದ್ ಇರುವುದಿಲ್ಲ. ಹಬ್ಬವಿಲ್ಲವೆಂದು ಹಿಸ್ಸಾ ಕೂಡ ನಿಲ್ಲಬೇಕೇ? ಹಬ್ಬದ ದಿನ ಕೊಡುವುದು ರೂಢಿ. ಯಾವ ಕಾರಣವೂ ಇಲ್ಲದ ದಿನ ಕೊಡುವುದು ಸ್ನೇಹ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಸಮಯದಲ್ಲಿ, ಮುಸ್ಲಿಮರು ಆಹಾರಕ್ಕೆ ಉಗುಳಿ ಕೊಡುತ್ತಾರೆ ಎಂಬ ವಿಡಿಯೋಗಳು ಮೊಬೈಲ್‌ಗಳಲ್ಲಿ ಹರಿದಾಡಿದವು. ಹಳೆಯ ದೃಶ್ಯಗಳಿಗೆ ಹೊಸ ಸುಳ್ಳು ಅಂಟಿಸಿದ್ದು ಎಂದು ಸತ್ಯಶೋಧಕರು ತೋರಿಸಿಕೊಟ್ಟರು. ಆದರೂ ಅನುಮಾನ ಬೇಗ ಹೋಗಲಿಲ್ಲ. ನಮ್ಮ ಬೀದಿಯ ಒಬ್ಬ ತಾಯಿ ನನ್ನೊಡನೆ, "ಕಳಿಸೋಕೆ ಆಸೆ ಇದೆ ಟೀಚರ್, ತಗೊಳ್ಳದಿದ್ರೆ ಏನ್ ಮಾಡ್ಲಿ?" ಎಂದರು. ಈ ಹೆದರಿಕೆಗೆ ನನ್ನ ಉತ್ತರ ಇಷ್ಟೇ: ವಾದದಿಂದ ಅನುಮಾನ ಹೋಗುವುದಿಲ್ಲ, ಪರಿಚಯದಿಂದ ಹೋಗುತ್ತದೆ. ಕೊಡುವವರು ಯಾರೆಂದು ಗೊತ್ತಿದ್ದರೆ ಮೊಬೈಲಿನ ಸುಳ್ಳನ್ನು ನಂಬುವುದು ಕಷ್ಟವಾಗುತ್ತದೆ.

ಆದ್ದರಿಂದ ಪಡೆಯುವವರು ನಿಶ್ಚಿಂತೆಯಿಂದ ತಿನ್ನುವಂಥದ್ದನ್ನೇ ಕೊಡಿ. ನೆರೆಯವರು ಮೊಟ್ಟೆ ತಿನ್ನದಿರಬಹುದು; ಮೊಟ್ಟೆ ಹಾಕಿದ ಪಾತ್ರೆಯೂ ಅವರಿಗೆ ಬೇಡವಾಗಿರಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ, ಶೇಂಗಾ ಒಗ್ಗದ ಮಗು ಇರಬಹುದು. ಮೊದಲು ಕೇಳಿ. ಏನೇನು ಹಾಕಿದ್ದೀರೆಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದಿಡಿ. ಕೈಬರಹದ ಅಭ್ಯಾಸವೂ ಆಯಿತು! ನಾನ್‌ಖತಾಯಿಗೆ ಮೊಟ್ಟೆ ಬೇಕಿಲ್ಲ. ಬೇಸಿಗೆಗೂ ಅದೇ ಸರಿ. ಕ್ರೀಮ್ ಕೇಕ್‌ನಲ್ಲಿ ನೀರಿನಂಶ ಹೆಚ್ಚು, ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಅದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಚೆನ್ನಾಗಿ ಬೆಂದ ಬಿಸ್ಕತ್ತಿನಲ್ಲಿ ನೀರಿನಂಶ ತೀರ ಕಡಿಮೆ. ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿಟ್ಟರೆ ವಾರ ಕಳೆದರೂ ಕೆಡದು.

ಲೆಕ್ಕ ಬರೆದುಕೊಳ್ಳಿ: ಮೈದಾ 200 ಗ್ರಾಂ, ಕಡಲೆಹಿಟ್ಟು 75, ಚಿರೋಟಿ ರವೆ 25, ತುಪ್ಪ 160, ಪುಡಿ ಸಕ್ಕರೆ 150, ಚಿಟಿಕೆ ಸೋಡಾ, ಏಲಕ್ಕಿ. ತುಪ್ಪ, ಸಕ್ಕರೆಗಳನ್ನು ಚೆನ್ನಾಗಿ ನಾದಿ ಹಿಟ್ಟು ಬೆರೆಸಿ. 20 ಗ್ರಾಂನಂತೆ ಸುಮಾರು 30 ಉಂಡೆಗಳಾಗುತ್ತವೆ. ಮನೆಗೆ ಆರು, ನಾಲ್ಕು ನೆರೆಮನೆಗಳಿಗೆ ಆರಾರು. ಓವನ್ ಇಲ್ಲದಿದ್ದರೆ ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ; ಬಳಿಕ ಬಿಸ್ಕತ್ತಿನ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಒಲೆಯ ಬಳಿ ದೊಡ್ಡವರು ಇರಲೇಬೇಕು. ಮೈದಾದಲ್ಲಿ ಸ್ವಲ್ಪ ಭಾಗಕ್ಕೆ ಬದಲಾಗಿ ಹುರಿದ ರಾಗಿಹಿಟ್ಟನ್ನೂ ಬಳಸಬಹುದು. ಈ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದವರಿಗೆ ನಮ್ಮ ಹೆಬ್ಬಾಳದಲ್ಲೇ ಕೃಷಿ ವಿಶ್ವವಿದ್ಯಾಲಯ ಬೇಕರಿ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಹೆಣ್ಣುಮಕ್ಕಳೇ ಮಾಡಬೇಕೆಂದಿಲ್ಲ, ಬೀದಿಯ ಬೇಕರಿಗಳಲ್ಲಿ ಭಟ್ಟಿಯ ಮುಂದೆ ನಿಂತವರು ಬಹುಪಾಲು ಗಂಡಸರೇ ಅಲ್ಲವೇ?

ಕೊನೆಯದಾಗಿ, ಕೊಡುವುದನ್ನು ಮಾತ್ರ ಕಲಿತರೆ ಅರ್ಧ ಪಾಠ. ಅವರು ಯುಗಾದಿಗೆ ಹೋಳಿಗೆ, ರಾಮನವಮಿಗೆ ಪಾನಕ, ಕೋಸಂಬರಿ ತಂದಾಗ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ಪಡೆಯಲು ಒಪ್ಪದವನ ಕೊಡುಗೆಯಲ್ಲಿ ಗರ್ವವಿರುತ್ತದೆ. ಯಾರಾದರೂ ಬೇಡವೆಂದರೆ ನಗುತ್ತಾ ಹಿಂದಿರುಗಿ, ಕಾರಣ ಕೆದಕಬೇಡಿ. ಮರುದಿನ ಮೆಟ್ಟಿಲ ಮೇಲೆ ಸಿಕ್ಕಾಗ ಎಂದಿನಂತೆ ಮಾತನಾಡಿಸಿ.

ಜೂನ್‌ನಲ್ಲಿ ಶಾಲೆಗೆ ಬಂದಾಗ ನಾನು ಎಷ್ಟು ಬಿಸ್ಕತ್ತು ಮಾಡಿದಿರಿ ಎಂದು ಕೇಳುವುದಿಲ್ಲ. ನಾಲ್ಕು ನೆರೆಮನೆಯವರ ಹೆಸರು ಹೇಳಿ ಎನ್ನುತ್ತೇನೆ. ಉತ್ತರ ಸಿದ್ಧವಾಗಿರಲಿ.