ಸಣ್ಣ ಗಾಯ, ದೊಡ್ಡ ಶಸ್ತ್ರಕ್ರಿಯೆ
(ರಾಜ್ಯೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ವೇದಿಕೆಯ ಮೇಲೆ ಗರ್ಭಕೋಶದ ಮಾತೇ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಆದರೆ ವೈದ್ಯರಾದ ನಮ್ಮ ಬಳಿಗೆ ಬರುವ ಕನ್ನಡದ ಹೆಣ್ಣುಮಕ್ಕಳಲ್ಲಿ ಅನೇಕರು ತಮ್ಮ ಬೇನೆಯನ್ನು ಮನೆಯಲ್ಲಿಯೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ. ಆದುದರಿಂದ ಈ ವಿಷಯವನ್ನೇ ಆರಿಸಿಕೊಂಡೆವು.

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಬೀಗದ ಕಂಡಿಯಂಥ ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಕ್ರಿಯೆಗೆ ವೈದ್ಯರು ಲ್ಯಾಪರೊಸ್ಕೋಪಿ ಎನ್ನುತ್ತಾರೆ. ಮುಂಬಯಿಯ ನಮ್ಮ ಮರಾಠಿ ನೆರೆಯವರಿಗೆ ಅದು ದುರ್ಬೀನಿನ ಆಪರೇಶನ್. ಆ ಹೆಸರೇ ಮೇಲೆಂದು ನಮಗೆ ತೋರುತ್ತದೆ. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಹೊಕ್ಕುಳಿನ ಬಳಿ ಸುಮಾರು 1 ಸೆಂಟಿಮೀಟರಿನ ಕಂಡಿ ಮಾಡಿ, ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಗುಡಾರದಂತೆ ಎತ್ತುತ್ತಾರೆ. ದುರ್ಬೀನು ಕಂಡುದು ಪರದೆಯ ಮೇಲೆ ಮೂಡುತ್ತದೆ. ಅರ್ಧ ಸೆಂಟಿಮೀಟರಿನ ಇನ್ನೆರಡು ಮೂರು ಕಂಡಿಗಳಿಂದ ಕತ್ತರಿ, ಚಿಮುಟ ಒಳಹೋಗುತ್ತವೆ. ಅಂಡಾಶಯದ ನೀರುಗುಳ್ಳೆ, ನಾಳದಲ್ಲಿ ನಿಂತ ಗರ್ಭ, ಗರ್ಭಕೋಶದ ಗಡ್ಡೆ, ಕಡೆಗೆ ಗರ್ಭಕೋಶವೇ, ಎಲ್ಲವನ್ನೂ ಹೀಗೆ ತೆಗೆಯಬಹುದು. ಆಮೇಲೆ ಹೆಗಲು ನೋಯುತ್ತದೆಂದು ಹಲವರು ಗಾಬರಿಗೊಳ್ಳುತ್ತಾರೆ. ಅದು ಅನಿಲದ ಕಾಟ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹೋಗುತ್ತದೆ.

ಈ ವಿದ್ಯೆಗಾಗಿ ಬಹಳ ದುಡಿದವರು ಸ್ತ್ರೀರೋಗ ತಜ್ಞರೇ. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ 1980ರಲ್ಲಿ ಹೀಗೆ ಅಪೆಂಡಿಕ್ಸನ್ನು ತೆಗೆದಾಗ ಅಲ್ಲಿಯ ಶಸ್ತ್ರವೈದ್ಯರೇ ಹಳಿದರು. ಅಮೆರಿಕದ ಹ್ಯಾರಿ ರೈಶ್ 1988ರಲ್ಲಿ ಗರ್ಭಕೋಶವನ್ನು ತೆಗೆದರು. ನಮ್ಮ ಮುಂಬಯಿಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಅವರು 1972ರಲ್ಲಿಯೇ ಈ ದುರ್ಬೀನನ್ನು ಬಳಸತೊಡಗಿದ್ದರು.

ನೋವು ಕಡಿಮೆ, ಆಸ್ಪತ್ರೆವಾಸ ಕಡಿಮೆ, ಬೇಗ ಮನೆಗೆಲಸಕ್ಕೆ ಮರಳಬಹುದು. ಎಲ್ಲವೂ ನಿಜ. ಆದರೆ ಗಾಯ ಸಣ್ಣದೆಂದು ಶಸ್ತ್ರಕ್ರಿಯೆಯೂ ಸಣ್ಣದೆಂದು ತಿಳಿಯಬಾರದು. ಕರುಳಿಗೆ, ಮೂತ್ರನಾಳಕ್ಕೆ ಪೆಟ್ಟು ತಗಲುವುದುಂಟು. ಕೆಲವೆಡೆ ದೊಡ್ಡ ಗಾಯವೇ ಲೇಸು. ಗರ್ಭಕೊರಳಿನ ಪ್ರಾರಂಭದ ಕ್ಯಾನ್ಸರನ್ನು ಕುರಿತು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹೊಟ್ಟೆ ತೆರೆದು ಶಸ್ತ್ರಕ್ರಿಯೆಯಾದವರಲ್ಲಿ ಶೇಕಡ 96.5ರಷ್ಟು ಮಂದಿ ನಾಲ್ಕೂವರೆ ವರ್ಷ ರೋಗ ಮರುಕಳಿಸದೆ ಉಳಿದರು. ಕಂಡಿಯ ದಾರಿಯಲ್ಲಿ ಶೇಕಡ 86.

ಇನ್ನು ನಮ್ಮನ್ನು ಕಾಡುವ ಮಾತು. ಕಂಡಿ ಎಷ್ಟು ಸಣ್ಣದೆಂದು ಎಲ್ಲರೂ ಕೇಳುತ್ತಾರೆ; ಗರ್ಭಕೋಶವನ್ನು ತೆಗೆಯಲೇಬೇಕೆ ಎಂದು ಕೇಳುವವರು ಕಡಿಮೆ. ಇದೇ ರಾಜ್ಯದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಂಗಸರು ಎಳೆಯ ವಯಸ್ಸಿನಲ್ಲಿಯೇ ಅದನ್ನು ಕಳೆದುಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಅನಾವಶ್ಯಕ ಶಸ್ತ್ರಕ್ರಿಯೆಯನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಅಪ್ಪಣೆ ಮಾಡಿತು. ಅತಿಯಾದ ಮುಟ್ಟಿಗೆ ಮಾತ್ರೆಗಳುಂಟು, ಗರ್ಭಕೋಶದೊಳಗೆ ಇರಿಸುವ ಹಾರ್ಮೋನಿನ ಸಾಧನವುಂಟು, ಗಡ್ಡೆಯನ್ನಷ್ಟೆ ತೆಗೆಯುವ ಉಪಾಯವುಂಟು. ಮುಟ್ಟು ನಿಲ್ಲುವ ಮೊದಲೇ ಅಂಡಾಶಯಗಳೆರಡನ್ನೂ ತೆಗೆದರೆ ಎಲುಬು ಸವೆಯುತ್ತದೆ, ಹೃದಯಕ್ಕೂ ಅಪಾಯ.

ಪರಸ್ಥಳದಲ್ಲಿ ಇದನ್ನೆಲ್ಲ ಕೇಳುವ ಭಾಷೆ ಯಾವುದು? ‘ಹೊರಗಾಗಿದ್ದೇನೆ’ ಎಂದರೆ ಇಲ್ಲಿಯ ವೈದ್ಯರಿಗೆ ಏನು ತಿಳಿದೀತು? ಬಿಳಿಮುಟ್ಟನ್ನು ಹಿಂದಿಯಲ್ಲಿ ಹೇಗೆ ಹೇಳುವುದು? ಮಗನನ್ನು ದುಭಾಷಿಯಾಗಿ ಕರೆತಂದ ತಾಯಿ ‘ಹೊಟ್ಟೆನೋವು’ ಎಂದಷ್ಟೆ ಹೇಳಿ ಮಿಕ್ಕುದನ್ನು ನುಂಗುತ್ತಾಳೆ. ಸಂಕೋಚವಿಲ್ಲದ ಒಬ್ಬ ಅಕ್ಕನನ್ನೋ ಓರಗಿತ್ತಿಯನ್ನೋ ಜೊತೆಗೆ ಕರೆದೊಯ್ಯಿರಿ. ಮುಟ್ಟಿನ ದಿನಾಂಕಗಳನ್ನು ಬರೆದಿಡಿ. ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲದಾಗ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನೂ ಕೇಳಿರಿ. ಅದರಿಂದ ಯಾರಿಗೂ ಅವಮಾನವಾಗದು.

ಶಸ್ತ್ರಕ್ರಿಯೆಯೇ ಆಗಬೇಕಾಯಿತೆಂದರೆ, ಏನನ್ನು ತೆಗೆದರು, ಅಂಡಾಶಯಗಳನ್ನು ಉಳಿಸಿದರೆ ಎಂಬ ವಿವರವಿರುವ ಕಾಗದವನ್ನೂ ತೆಗೆದ ಭಾಗದ ಪರೀಕ್ಷೆಯ ವರದಿಯನ್ನೂ ಕೇಳಿ ಪಡೆದು, ಪಡಿತರ ಚೀಟಿ ಇಡುವ ಪೆಟ್ಟಿಗೆಯಲ್ಲಿಯೇ ಜೋಪಾನವಾಗಿಡಿ. ಮುಂದೆ ಬೇರೆ ಊರಿಗೆ ವರ್ಗವಾದಾಗ ಅಲ್ಲಿಯ ವೈದ್ಯರು ಮೊದಲು ಕೇಳುವುದು ಅದನ್ನೇ.