ಕೂಸಿನ ಕಿವಿಯೂ ಅಜ್ಜಿಯ ತುಟಿಯೂ
(ತಾಯಂದಿರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಭಾಷೆಯ ಕಲಿಕೆಯನ್ನು ಕುರಿತು ಮಾತಾಡಲು ವಕೀಲನಿಗೇನು ಅಧಿಕಾರವೆಂದು ತಾವು ಕೇಳಬಹುದು. ಸಾಕ್ಷ್ಯವನ್ನು ತೂಗಿ ನೋಡುವ ರೂಢಿಯೊಂದೇ ನನ್ನ ಅಧಿಕಾರ. ಇಂದು ನಾನು ಕರೆತಂದಿರುವ ಸಾಕ್ಷಿಗಳಾದರೋ ಇನ್ನೂ ಮಾತು ಬಾರದ ಕೂಸುಗಳು.

ತಕಾರ ಟಕಾರಗಳ ಭೇದವು ನಮಗೆ ಸಹಜವಾದುದು. ಇಂಗ್ಲಿಷೊಂದನ್ನೇ ಆಡಿ ಬೆಳೆದವನ ಕಿವಿಗೆ ಅವೆರಡೂ ಬಹುಮಟ್ಟಿಗೆ ಒಂದೇ. ಅವನು ಹುಟ್ಟುವಾಗಲೇ ಹಾಗಿದ್ದನೇ? ಇರಲಿಲ್ಲ. ಕೆನಡಾ ದೇಶದ ವಿದ್ವಾಂಸರಾದ ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ಈ ಧ್ವನಿಗಳನ್ನೇ ಕೇಳಿಸಿ, ಕಂಡುದನ್ನು 1984ರಲ್ಲಿ ಪ್ರಕಟಿಸಿದರು. ಧ್ವನಿಯು ಬದಲಾದೊಡನೆ ಕೂಸು ತಲೆ ಹೊರಳಿಸಿದರೆ ಆಟಿಕೆಯ ಪ್ರಾಣಿಯೊಂದು ಬೆಳಗಿ ಕುಣಿಯುವುದು. (ಪಾಟೀಸವಾಲಿನ ಕಾಟವಿಲ್ಲದ ಇಂಥ ಸಾಕ್ಷ್ಯವು ನಮ್ಮ ಕೋರ್ಟುಗಳಿಗೆಲ್ಲಿಯದು!) 6ರಿಂದ 8 ತಿಂಗಳಿನ ಕೂಸುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು, 10ರಿಂದ 12 ತಿಂಗಳಿನವುಗಳಲ್ಲಿ ತೀರ ಕೆಲವೇ. ಹಿಂದಿಯನ್ನಾಡುವ ಮನೆಯ ಕೂಸುಗಳು ಮಾತ್ರ ಒಂದು ವರ್ಷ ತುಂಬುವ ಸಮಯದಲ್ಲಿಯೂ ಅದನ್ನು ಉಳಿಸಿಕೊಂಡಿದ್ದವು.

ಹಾಗೆಂದು ತಕ್ಕ ಕಾಲದಲ್ಲಿ ಧ್ವನಿಯು ಕಿವಿಗೆ ಬಿದ್ದರೆ ಸಾಕೆನ್ನುವಂತಿಲ್ಲ. ಅಮೇರಿಕೆಯ ಸಿಯಾಟಲ್ ನಗರದಲ್ಲಿ ಪೆಟ್ರೀಶಿಯಾ ಕೂಲ್ ಎಂಬ ವಿದುಷಿಯೂ ಅವಳ ಸಂಗಡಿಗರೂ 9 ತಿಂಗಳಿನ ಕೂಸುಗಳೊಡನೆ ಚೀನೀ ಭಾಷೆಯವರನ್ನು ಕೂಡಿಸಿ, 12 ಸಲ ಆಡಿಸಿ ಓದಿಸಿದರು. ಆ ಕೂಸುಗಳು ಚೀನೀ ಧ್ವನಿಗಳ ಭೇದವನ್ನು ಹಿಡಿದವು. ಅದೇ ಮಾತನ್ನು ದೂರದರ್ಶನದಲ್ಲಿ ಅಷ್ಟೇ ಸಲ ನೋಡಿದ ಕೂಸುಗಳೂ, ಬರಿಯ ಧ್ವನಿಮುದ್ರಣವನ್ನು ಕೇಳಿದವುಗಳೂ ಏನನ್ನೂ ಕಲಿಯಲಿಲ್ಲ. ಇದು 2003ರಲ್ಲಿ ಪ್ರಕಟವಾಯಿತು. ಎದುರಿಗೆ ಕುಳಿತವರ ಕಣ್ಣು ಯಾವ ವಸ್ತುವಿನ ಮೇಲಿದೆಯೋ ಅದರ ಮೇಲೆ ಕೂಸಿನ ಲಕ್ಷ್ಯವು ಹೋಗುತ್ತದೆ. ಪೆಟ್ಟಿಗೆಯಿಂದ ಬರುವ ಧ್ವನಿಗೆ ಕಣ್ಣೆಲ್ಲಿ?

ದೊಡ್ಡವರ ಪಾಲಿಗೆ ಬಾಗಿಲು ಮುಚ್ಚಿತೆಂದಲ್ಲ. ಜಪಾನಿನ ವಯಸ್ಕರು ಬೇರೆ ಬೇರೆ ಜನರ ಬಾಯಿಂದ ಬಂದ ಇಂಗ್ಲಿಷ್ ಪದಗಳನ್ನು ಕೇಳಿ, ತಪ್ಪು ಒಪ್ಪುಗಳನ್ನು ಅಲ್ಲಲ್ಲೇ ತಿಳಿದುಕೊಳ್ಳುತ್ತ, ರಕಾರ ಲಕಾರಗಳ ಭೇದದಲ್ಲಿ ಸುಧಾರಿಸಿದ್ದುಂಟು. ಕೂಸು ಆಟದಲ್ಲಿ ಪಡೆಯುವುದಕ್ಕೆ ಅವರು ವಾರಗಟ್ಟಲೆ ದುಡಿಯಬೇಕಾಯಿತು.

ಇದನ್ನೆಲ್ಲ ನಾನು ಓದಿದ್ದು ತಡವಾಗಿ. ನನ್ನ ಮಗಳು ಹತ್ತು ತಿಂಗಳಿನವಳಿದ್ದಾಗ ಹಗಲನ್ನು ಕೋರ್ಟಿನಲ್ಲಿಯೂ ಸಂಜೆಯನ್ನು ಕನ್ನಡದ ಸಭೆಗಳಲ್ಲಿಯೂ ಕಳೆದೆನು. ತೊಟ್ಟಿಲ ಬಳಿ ಹಾಡಿನ ಯಂತ್ರವೊಂದನ್ನಿರಿಸಿ, ಮನೆಯಲ್ಲಿ ಕನ್ನಡದ ಕೆಲಸ ನಡೆದಿದೆಯೆಂದು ಸಮಾಧಾನಪಟ್ಟುಕೊಂಡೆನು. ಅವಳು ಮಾತು ಕಲಿತದ್ದು ಅಡಿಗೆಮನೆಯಲ್ಲಿ, ಅಜ್ಜಿಯ ಮಡಿಲಲ್ಲಿ. ಅಜ್ಜಿ ಸೌಟನ್ನೆತ್ತಿ "ಸೌಟು" ಎನ್ನುವಳು; ಕೂಸು ಒಮ್ಮೆ ಸೌಟನ್ನೂ ಒಮ್ಮೆ ಅಜ್ಜಿಯ ತುಟಿಯನ್ನೂ ನೋಡುವುದು. "ಅಪ್ಪಾ" ಎಂಬುದನ್ನೂ ಅಜ್ಜಿಯೇ ಕಲಿಸಿದಳು. ಅವಳು ಹಾಗೆ ಮೊದಲು ಕರೆದ ದಿನ ನಾನು ಊರಲ್ಲಿರಲಿಲ್ಲ.